ಸಾಫ್ಟ್‌ವೇರ್ ನೌಕರಿಯ ಸಂದರ್ಶನಗಳು

ನಮ್ಮ ನಾಡಿನ ಮಧ್ಯಮವರ್ಗದ ಸಂಸಾರಗಳು ಒಂದು ಕಾಲದಲ್ಲಿ ಮಗನು ಗುಮಾಸ್ತೆಯಾದರೆ ಸಾಕೆಂದೂ, ಅಮಲ್ದಾರನಾದರೆ ಅದು ಪೂರ್ವಜನ್ಮದ ಪುಣ್ಯವೆಂದೂ ಭಾವಿಸುತ್ತಿದ್ದುವು. ಇಂದು ಆ ಹಂಬಲವೆಲ್ಲವೂ ಸಾಫ್ಟ್‌ವೇರ್ ನೌಕರಿಯ ಕಡೆಗೆ ತಿರುಗಿರುವುದು ವಾಚಕರಿಗೆ ವಿದಿತವಾದ ಸಂಗತಿಯೇ ಆಗಿದೆ. 1983ರಲ್ಲಿ ಇನ್ಫೋಸಿಸ್ ಸಂಸ್ಥೆಯು ಪುಣೆಯನ್ನು ಬಿಟ್ಟು ಬೆಂಗಳೂರಿಗೆ ಬಂದು ನೆಲೆಸಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಸಂಸ್ಥೆಯು ಇಲ್ಲಿ ತನ್ನ ಶಾಖೆಯನ್ನು ತೆರೆಯಿತು. ಅಲ್ಲಿಂದೀಚೆಗೆ ಬೆಳೆದ ಈ ಉದ್ಯಮವನ್ನು ಆಶ್ರಯಿಸಿ ದೇಶದಲ್ಲಿ 50 ಲಕ್ಷಕ್ಕೂ ಮಿಕ್ಕ ಜನರು ಅನ್ನ ತಿನ್ನುತ್ತಿದ್ದಾರೆ. ಹೊಲವನ್ನು ಅಡವಿಟ್ಟು, ಬ್ಯಾಂಕಿನಲ್ಲಿ ಸಾಲವೆತ್ತಿ, ಮಗನನ್ನೋ ಮಗಳನ್ನೋ ಇಂಜಿನಿಯರಿಂಗ್ ಕಾಲೇಜಿಗೆ ಕಳುಹಿಸಿದ ತಂದೆತಾಯಿಗಳು ನಾಲ್ಕು ವರ್ಷ ಕಾದ ಮೇಲೆ ಆ ಮಕ್ಕಳಿಗೆ ಎದುರಾಗುವ ಹೆಬ್ಬಾಗಿಲಿನ ಹೆಸರು 'ತಾಂತ್ರಿಕ ಸಂದರ್ಶನ'. ಆ ಬಾಗಿಲನ್ನು ಕಾಯುವವರು ಯಾರು, ಅವರು ಯಾವ ನಿಯಮವನ್ನು ಅನುಸರಿಸುತ್ತಾರೆ, ಹೊರಗೆ ನಿಲ್ಲಿಸಿದವರಿಗೆ ಏನು ಕಾರಣ ಹೇಳುತ್ತಾರೆ ಎಂಬುದನ್ನು ಇದುವರೆಗೆ ಯಾರೂ ಗಟ್ಟಿಯಾಗಿ ಕೇಳಿಲ್ಲ. ಇದು ಖಾಸಗಿ ಕಂಪೆನಿಗಳ ಮನೆವಾರ್ತೆ, ನಮಗೇಕೆ ಎಂದು ಸುಮ್ಮನಿರುವ ಕಾಲವು ಕಳೆದುಹೋಯಿತೆಂದೇ ನಮ್ಮ ಅಭಿಪ್ರಾಯ.

ಈ ವಿಷಯವಾಗಿ ನಮ್ಮ ಕಚೇರಿಗೆ ಬಂದಿರುವ ಪತ್ರಗಳು ಒಂದು ಕಡತವನ್ನು ತುಂಬಿವೆ. ಹೆಸರನ್ನು ಪ್ರಕಟಿಸಕೂಡದೆಂದು ಬಹುಮಟ್ಟಿಗೆ ಎಲ್ಲರೂ ಕೇಳಿಕೊಂಡಿದ್ದಾರೆ. ಮುಂದಿನ ನೌಕರಿಗೆ ಸಂಚಕಾರ ಬಂದೀತೆಂಬ ಅಂಜಿಕೆ. ಈ ಅಂಜಿಕೆಯೇ ಒಂದು ಸಾಕ್ಷ್ಯವಲ್ಲವೆ? ಸೋತವರ ಗೋಳೆಂದು ಆ ಪತ್ರಗಳನ್ನು ಬದಿಗೆ ಸರಿಸುವುದು ಸುಲಭ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ಕಂಪೆನಿಗಳ ಅಧಿಕಾರಿಗಳು ಕೂಡಲೆ ನಮ್ಮ ಮುಂದೆ ಒಡ್ಡಿಯಾರು. ಆದರೆ ಬರೆದವರಲ್ಲಿ ಕೆಲವರು ಈಗಾಗಲೇ ಒಳ್ಳೆಯ ಹುದ್ದೆಯಲ್ಲಿರುವವರು. ಇಬ್ಬರು ಮೂವರು ಸ್ವತಃ ಸಂದರ್ಶಕರಾಗಿ ಕುಳಿತು ಇತರರನ್ನು ಪರೀಕ್ಷಿಸುವವರು. ಅವರೂ ಅದೇ ದೂರನ್ನು ಹೇಳುತ್ತಿರುವಾಗ ನೆಲವನ್ನೊಮ್ಮೆ ಅಳೆದು ನೋಡುವುದರಲ್ಲಿ ತಪ್ಪಿಲ್ಲ.

ಈ ವ್ಯವಹಾರದ ಪರಿಚಯವಿಲ್ಲದ ವಾಚಕರ ಸಲುವಾಗಿ ಕ್ರಮವನ್ನು ಸ್ವಲ್ಪ ವಿವರಿಸಬೇಕಾಗಿದೆ. ಉಮೇದುವಾರನು ಕಳುಹಿಸಿದ ಅರ್ಜಿಯನ್ನು ಅನೇಕ ಕಡೆ ಮೊದಲು ನೋಡುವುದು ಮನುಷ್ಯನಲ್ಲ, ಯಂತ್ರ. ಅದು ಹುಡುಕುವ ಪದಗಳು ಅರ್ಜಿಯಲ್ಲಿಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಇದ್ದರೆ, ಮನೆಯಲ್ಲೇ ಕುಳಿತು ಕಂಪ್ಯೂಟರಿನ ಮೂಲಕ ಬರೆಯಬೇಕಾದ ಪರೀಕ್ಷೆ. ಒಂದೂವರೆ ಗಂಟೆಯಲ್ಲಿ ಎರಡೋ ಮೂರೋ ಸಮಸ್ಯೆಗಳು. ಕ್ಯಾಮೆರಾ ಮುಖವನ್ನೇ ನೋಡುತ್ತಿರುತ್ತದೆ. ಅದಾದ ಮೇಲೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗಿನ ಮೂರು, ನಾಲ್ಕು, ಕೆಲವೆಡೆ ಐದು ಸುತ್ತುಗಳು. ಅಪರಿಚಿತನಾದ ಒಬ್ಬ ಇಂಜಿನಿಯರನು ಎದುರಿಗೆ ಕುಳಿತು ಸಮಸ್ಯೆಯೊಂದನ್ನು ಕೊಡುತ್ತಾನೆ. ಉಮೇದುವಾರನು ಅದನ್ನು ಬಿಡಿಸುತ್ತ, ತನ್ನ ಮನಸ್ಸಿನಲ್ಲಿ ನಡೆಯುತ್ತಿರುವ ಯೋಚನೆಯನ್ನೂ ಆಗಿಂದಾಗ್ಗೆ ಬಾಯಿಬಿಟ್ಟು ಹೇಳುತ್ತ, ಗಡಿಯಾರವನ್ನೂ ನೋಡುತ್ತ, ಪ್ರೋಗ್ರಾಮನ್ನು ಬರೆದು ಮುಗಿಸಬೇಕು. ಕಡೆಯಲ್ಲಿ ಸಿಬ್ಬಂದಿ ಇಲಾಖೆಯವರ ಸಂಭಾಷಣೆ. ಇಷ್ಟಕ್ಕೆ ಒಂದು ತಿಂಗಳೂ ಹಿಡಿಯಬಹುದು, ಎರಡೂ ಹಿಡಿಯಬಹುದು. ಒಬ್ಬರು ಬರೆಯುತ್ತಾರೆ: ಐದು ಸುತ್ತುಗಳನ್ನು ದಾಟಿ ಕೆಲಸಕ್ಕೆ ಸೇರಿದ ಮೇಲೆ ಅವರಿಗೆ ಮೊದಲ ಆರು ತಿಂಗಳು ವಹಿಸಿದ ಕೆಲಸವೆಂದರೆ ಹಳೆಯ ಪ್ರೋಗ್ರಾಮೊಂದರಲ್ಲಿ ಪರದೆಯ ಮೇಲಿನ ಗುಂಡಿಗಳನ್ನು ಅಲ್ಲಿಂದಿಲ್ಲಿಗೆ ಸರಿಸುವುದು. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು.

ಮಾಲೀಕರ ಪಕ್ಷದಲ್ಲಿ ನ್ಯಾಯವಿಲ್ಲವೆಂದು ನಾವು ಹೇಳುವುದಿಲ್ಲ. ಒಂದು ಹುದ್ದೆಗೆ ನೂರಾರು ಅರ್ಜಿಗಳು ಬಂದು ಬೀಳುತ್ತವೆ. ಪದವಿಪತ್ರವನ್ನು ಕೈಯಲ್ಲಿ ಹಿಡಿದವರೆಲ್ಲರೂ ವಿದ್ಯೆಯನ್ನು ತಲೆಯಲ್ಲಿ ಹೊತ್ತಿರುವುದಿಲ್ಲ. ಒಂದರಿಂದ ನೂರರವರೆಗೆ ಎಣಿಸುತ್ತ, ಮೂರರಿಂದ ಭಾಗವಾಗುವ ಸಂಖ್ಯೆ ಬಂದಾಗ ಒಂದು ಪದವನ್ನೂ ಐದರಿಂದ ಭಾಗವಾಗುವುದು ಬಂದಾಗ ಮತ್ತೊಂದನ್ನೂ, ಎರಡರಿಂದಲೂ ಭಾಗವಾದರೆ ಎರಡನ್ನೂ ಅಚ್ಚುಮಾಡುವ ಒಂದು ಮಕ್ಕಳಾಟದ ಪ್ರೋಗ್ರಾಮುಂಟು. 'ಫಿಜ್‌ಬಜ್' ಎಂಬುದು ಅದರ ಹೆಸರು. ಅದನ್ನೂ ಬರೆಯಲಾರದ ಪದವೀಧರರು ಸಂದರ್ಶನಕ್ಕೆ ಬರುತ್ತಾರೆಂದು 2007ರಲ್ಲಿಯೇ ಇಂಗ್ಲಿಷ್ ಬಲ್ಲ ದೇಶಗಳ ತಂತ್ರಜ್ಞರು ತಲೆ ಚಚ್ಚಿಕೊಂಡಿದ್ದರು. ನಮ್ಮ ಕಾಲೇಜುಗಳ ಸ್ಥಿತಿ ಅದಕ್ಕಿಂತ ಮೇಲೆಂದು ನಾವು ಜಂಬ ಕೊಚ್ಚಿಕೊಳ್ಳಲಾರೆವು. ಪ್ರಯೋಗಶಾಲೆಯ ದಾಖಲೆಪುಸ್ತಕವನ್ನು ಹಿಂದಿನ ವರ್ಷದವರಿಂದ ನಕಲಿಳಿಸಿ ಅಂಕ ಪಡೆಯುವ ಪದ್ಧತಿ ಯಾರಿಗೆ ತಿಳಿಯದು? ಆದುದರಿಂದ ಪರೀಕ್ಷೆಯೇ ಬೇಡವೆಂಬುದು ನಮ್ಮ ವಾದವಲ್ಲ. ಮಾಡಬೇಕಾದ ಕೆಲಸಕ್ಕೂ ಕೇಳುವ ಪ್ರಶ್ನೆಗೂ ಸಂಬಂಧವಿರಬೇಕು. ಪರೀಕ್ಷಿಸಿದವನು ಪರೀಕ್ಷಿತನಿಗೆ ಉತ್ತರ ಹೇಳಲು ಬದ್ಧನಾಗಿರಬೇಕು. ನಮ್ಮ ವಾದ ಇಷ್ಟೇ.

ಕೇಳುವ ಪ್ರಶ್ನೆಗಳು ನಿರರ್ಥಕವೆಂದೂ ಅಲ್ಲ. ಮತದಾರರ ಪಟ್ಟಿಯಲ್ಲಿ ಒಂದು ಲಕ್ಷ ಹೆಸರುಗಳಿವೆಯೆನ್ನೋಣ. ಮೊದಲಿನಿಂದ ಒಂದೊಂದಾಗಿ ನೋಡುತ್ತ ಹೋದರೆ ಲಕ್ಷ ಸಲ ನೋಡಬೇಕಾಗಿ ಬರಬಹುದು. ಹೆಸರುಗಳು ಅಕಾರಾದಿಯಾಗಿದ್ದರೆ, ನಡುವಣ ಹೆಸರನ್ನು ನೋಡಿ, ಬೇಕಾದುದು ಅದಕ್ಕಿಂತ ಮುಂದೋ ಹಿಂದೋ ಎಂದು ತಿಳಿದು ಅರ್ಧ ಪಟ್ಟಿಯನ್ನು ಬಿಟ್ಟು, ಉಳಿದ ಅರ್ಧದಲ್ಲಿಯೂ ಹಾಗೆಯೇ ಮಾಡುತ್ತ ಬಂದರೆ 17 ಸಲ ನೋಡುವಷ್ಟರಲ್ಲಿ ಹೆಸರು ಸಿಕ್ಕೇ ಸಿಗುತ್ತದೆ. ಇಂಥ ಯುಕ್ತಿಗಳನ್ನು ಬಲ್ಲವನು ಬಲ್ಲವನೇ ಸರಿ. ಆದರೆ ಸಾಫ್ಟ್‌ವೇರ್ ಕಚೇರಿಯಲ್ಲಿ ದಿನಗಳೆಯುವವರು ಹೇಳುವುದೇನು? ಅಲ್ಲಿನ ಕೆಲಸದ ಬಹುಭಾಗವು ಇತರರು ಬರೆದಿಟ್ಟ ಪ್ರೋಗ್ರಾಮನ್ನು ಓದಿ ಅರ್ಥಮಾಡಿಕೊಳ್ಳುವುದು, ಎಲ್ಲಿ ಕೆಟ್ಟಿದೆಯೆಂದು ಹುಡುಕುವುದು, ಒಂದನ್ನು ಸರಿಪಡಿಸುವಾಗ ಇನ್ನೊಂದು ಕೆಡದಂತೆ ಎಚ್ಚರ ವಹಿಸುವುದು, ತಿಳಿಯದುದನ್ನು ಪಕ್ಕದವನನ್ನು ಕೇಳುವುದು, ಗಿರಾಕಿಗೆ ನಿಜವಾಗಿ ಏನು ಬೇಕೆಂದು ಕಂಡುಕೊಳ್ಳುವುದು. ಇವುಗಳಲ್ಲಿ ಒಂದಕ್ಕಾದರೂ ಮುಕ್ಕಾಲು ಗಂಟೆಯ ಒಗಟಿನಲ್ಲಿ ಸ್ಥಳವಿಲ್ಲ. ಯುಕ್ತಿಗಳನ್ನು ಸಿದ್ಧರೂಪದಲ್ಲಿ ಕಚೇರಿಯಲ್ಲಿಯೇ ಇಟ್ಟುಕೊಂಡಿರುತ್ತಾರೆ. ಅವನ್ನು ಕೈಯಾರೆ ಹೊಸದಾಗಿ ಬರೆಯುವ ಪ್ರಸಂಗ ಅಪರೂಪ.

2015ರಲ್ಲಿ ಮ್ಯಾಕ್ಸ್ ಹೋವೆಲ್ ಎಂಬ ತಂತ್ರಜ್ಞರು ಗೂಗಲ್ ಕಂಪೆನಿಯು ತಮ್ಮನ್ನು ನಿರಾಕರಿಸಿದ ಬಗೆಯನ್ನು ಬಹಿರಂಗವಾಗಿ ಬರೆದು ಲೋಕದ ಗಮನ ಸೆಳೆದರು. ಆಪಲ್ ಕಂಪ್ಯೂಟರುಗಳ ಮೇಲೆ ಬೇಕಾದ ಸಾಧನಗಳನ್ನು ಸ್ಥಾಪಿಸಿಕೊಡುವ 'ಹೋಂಬ್ರೂ' ಎಂಬ ಉಪಯುಕ್ತ ಪ್ರೋಗ್ರಾಮನ್ನು ಪ್ರಾರಂಭಿಸಿದವರು ಅವರೇ. ಗೂಗಲ್ಲಿನ ಇಂಜಿನಿಯರುಗಳಲ್ಲಿಯೇ ಬಹುಮಂದಿ ಅದನ್ನು ಬಳಸುತ್ತಾರೆಂದು ಅವರು ಹೇಳಿಕೊಂಡರು. ಅವರು ಮಾಡಲಾರದೆ ಹೋದುದು ಯಾವುದೆಂದರೆ, ವಂಶವೃಕ್ಷದಂತೆ ಎರಡೆರಡು ಕೊಂಬೆಯೊಡೆಯುವ 'ಬೈನರಿ ಟ್ರೀ' ಎಂಬ ರಚನೆಯ ಎಡಬಲಗಳನ್ನು ಅದಲುಬದಲು ಮಾಡುವುದನ್ನು ಹಲಗೆಯ ಮೇಲೆ ಬರೆದು ತೋರಿಸುವುದು! ಅವರು ಬೇರೆ ಗುಣಗಳಲ್ಲಿ ಕಡಿಮೆಯಾಗಿ ಕಂಡಿದ್ದಿರಬಹುದು. ಒಂದು ಕಡೆಯ ಮಾತನ್ನು ಕೇಳಿ ತೀರ್ಪು ಕೊಡುವುದು ನಮ್ಮ ಪದ್ಧತಿಯಲ್ಲ. ಆದರೆ ಇದಕ್ಕೆ ಎರಡು ವರ್ಷ ಮುಂಚೆ, 2013ರಲ್ಲಿ, ಅದೇ ಗೂಗಲ್ಲಿನ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ ಎಂಬವರು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಗೆ ಹೇಳಿದ್ದನ್ನು ಇಲ್ಲಿ ನೆನಪಿಸದೆ ಇರಲಾರೆವು. ವಿಮಾನದಲ್ಲಿ ಎಷ್ಟು ಗಾಲ್ಫ್ ಚೆಂಡು ಹಿಡಿಸುತ್ತವೆ ಎಂಬಂಥ ಒಗಟುಗಳಿಂದ ಕಾಲಹರಣವಲ್ಲದೆ ಬೇರೇನೂ ಆಗುವುದಿಲ್ಲವೆಂದೂ, ಅವು ಕೇಳುವವನ ಜಾಣತನದ ಹೆಮ್ಮೆಯನ್ನು ತಣಿಸುವುದಕ್ಕೆ ಮಾತ್ರ ಪ್ರಯೋಜನವೆಂದೂ ಅವರು ಒಪ್ಪಿಕೊಂಡರು. ಹತ್ತಾರು ಸಾವಿರ ಸಂದರ್ಶನಗಳ ಅಂಕಗಳನ್ನು ಆಯ್ಕೆಯಾದವರ ಮುಂದಿನ ಕೆಲಸದೊಡನೆ ಹೋಲಿಸಿದಾಗ ಸಂಬಂಧವೇ ಕಾಣಲಿಲ್ಲವೆಂದೂ ತಿಳಿಸಿದರು. ಗಾಲ್ಫ್ ಚೆಂಡುಗಳು ಹೋದುವು. ಅವುಗಳ ಸ್ಥಾನಕ್ಕೆ ಮರಗಳೂ ಕೊಂಬೆಗಳೂ ಬಂದುವು. ಇವಕ್ಕಾಗಿಯೇ ಪುಸ್ತಕಗಳು, ಲೀಟ್‌ಕೋಡ್‌ನಂಥ ಅಭ್ಯಾಸತಾಣಗಳು, ಈಗ ಬೆಂಗಳೂರಿನ ಓಣಿ ಓಣಿಗಳಲ್ಲಿ ತರಬೇತಿ ತರಗತಿಗಳು. ಸಾವಿರಾರು ಮಾದರಿ ಸಮಸ್ಯೆಗಳಲ್ಲಿ ಕೆಲವು ನೂರನ್ನು ಬಾಯಿಪಾಠ ಮಾಡಿದವನು ತೇಲುತ್ತಾನೆ. ನಮ್ಮ ಪಾಠಶಾಲೆಯ ದಿನಗಳಲ್ಲಿ ಅಮರಕೋಶವನ್ನು ಉರುಹೊಡೆದ ಹುಡುಗನು ಕವಿಯಾಗುವನೆಂದು ಯಾವ ಗುರುಗಳೂ ನಂಬಿದ್ದಿಲ್ಲ. ಈ ಕಂಪೆನಿಗಳು ಅಂಥ ನಂಬಿಕೆಯ ಮೇಲೆ ಲಕ್ಷಾಂತರ ರೂಪಾಯಿಗಳ ಸಂಬಳವನ್ನು ನಿಶ್ಚಯಿಸುತ್ತಿವೆ.

ಪರೀಕ್ಷೆಯ ರೂಪವೇ ಅನ್ಯಾಯವಾಗಬಲ್ಲುದೆಂಬುದು ಈ ದೇಶಕ್ಕೆ ಹೊಸ ಪಾಠವಲ್ಲ. ಇಂಡಿಯನ್ ಸಿವಿಲ್ ಸರ್ವಿಸ್ ಪರೀಕ್ಷೆಯು 1855ರಿಂದ ಎಲ್ಲರಿಗೂ ತೆರೆದಿದೆಯೆಂದು ಸಾರಲಾಯಿತು. ಆದರೆ ಅದನ್ನು ಬರೆಯಲು ಸಮುದ್ರ ದಾಟಿ ಲಂಡನ್ನಿಗೆ ಹೋಗಬೇಕಾಗಿತ್ತು. ವಯಸ್ಸಿನ ಮಿತಿಯನ್ನು ಹತ್ತೊಂಬತ್ತಕ್ಕೆ ಇಳಿಸಲು ಹೊರಟಾಗ, 1877ರಲ್ಲಿ ಸುರೇಂದ್ರನಾಥ ಬ್ಯಾನರ್ಜಿಯವರು ಊರೂರು ತಿರುಗಿ ಜನಾಭಿಪ್ರಾಯವನ್ನು ಎಬ್ಬಿಸಿದರು. 1885ರಲ್ಲಿ ಕಾಂಗ್ರೆಸ್ಸಿನ ಪ್ರಥಮ ಅಧಿವೇಶನವೇ ಆ ಪರೀಕ್ಷೆಯನ್ನು ಭಾರತದಲ್ಲಿಯೂ ಏಕಕಾಲಕ್ಕೆ ನಡೆಸಬೇಕೆಂದು ಕೇಳಿತು. ಅದು ಕೈಗೂಡಿದ್ದು 1922ರಲ್ಲಿ. ಅರವಿಂದ ಘೋಷರು 1890ರಲ್ಲಿ ವಿದ್ಯಾವಿಷಯಗಳಲ್ಲೆಲ್ಲ ತೇರ್ಗಡೆ ಹೊಂದಿಯೂ ಕುದುರೆ ಸವಾರಿಯ ಪರೀಕ್ಷೆಗೆ ಹಾಜರಾಗದ ಕಾರಣ 1892ರಲ್ಲಿ ಅನರ್ಹರೆನಿಸಿದರು. ಅವರು ಬೇಕೆಂದೇ ತಪ್ಪಿಸಿಕೊಂಡರೆಂಬುದು ಬೇರೆ ಮಾತು. ಎಲ್ಲಿ, ಯಾವ ಭಾಷೆಯಲ್ಲಿ, ಯಾವ ವಯಸ್ಸಿನಲ್ಲಿ, ಯಾವ ಕುದುರೆಯ ಮೇಲೆ ಪರೀಕ್ಷೆ ನಡೆಯಬೇಕೆಂಬುದನ್ನು ನಮ್ಮ ಹಿರಿಯರು ರಾಷ್ಟ್ರದ ಪ್ರಶ್ನೆಯೆಂದೇ ಎಣಿಸಿದ್ದರು. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದಾಗಲೂ, ನೌಕರಿಗೆ ಯಾರು ಬರುತ್ತಿದ್ದಾರೆ, ಯಾರು ಹೊರಗುಳಿಯುತ್ತಿದ್ದಾರೆ ಎಂಬುದೇ ವಿಚಾರವಾಗಿತ್ತು. ಇಂದಿನ ನೌಕರಿಯ ಒಡೆಯರು ಸರ್ಕಾರದವರಲ್ಲ, ಕಂಪೆನಿಯವರು ಎಂದ ಮಾತ್ರಕ್ಕೆ ಆ ವಿಚಾರವು ಸತ್ತುಹೋಗುವುದೆ?

ಅಪರಿಚಿತನ ಕಣ್ಣೆದುರಿಗೆ ಯೋಚಿಸುವುದು ಎಷ್ಟು ಕಷ್ಟವೆಂಬುದನ್ನು ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾನಿಲಯದವರೂ ಮೈಕ್ರೋಸಾಫ್ಟ್ ಕಂಪೆನಿಯವರೂ ಸೇರಿ ಪ್ರಯೋಗದಿಂದಲೇ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ್ದಾರೆ. 48 ಮಂದಿ ವಿದ್ಯಾರ್ಥಿಗಳನ್ನು ತೆಗೆದುಕೊಂಡು, ಕೆಲವರಿಗೆ ಸಂದರ್ಶಕನ ಎದುರಿನಲ್ಲಿ ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತ ಹಲಗೆಯ ಮೇಲೆ ಬರೆಯಲು ಹೇಳಿದರು; ಉಳಿದವರಿಗೆ ಅದೇ ಸಮಸ್ಯೆಯನ್ನು ಕೊಠಡಿಯಲ್ಲಿ ಒಬ್ಬರೇ ಇದ್ದು ಬಿಡಿಸಲು ಬಿಟ್ಟರು. ನೋಡುವವರ ಎದುರಿಗೆ ಬರೆದವರ ಸಾಮರ್ಥ್ಯವು ಅರ್ಧಕ್ಕಿಂತ ಕೆಳಗಿಳಿಯಿತು. ಎಲ್ಲಕ್ಕಿಂತ ಗಮನಾರ್ಹವಾದುದೆಂದರೆ, ಎದುರಿನಲ್ಲಿ ಬರೆದ ಸ್ತ್ರೀಯರಲ್ಲಿ ಒಬ್ಬರೂ ತೇರ್ಗಡೆಯಾಗಲಿಲ್ಲ. ಒಂಟಿಯಾಗಿ ಬರೆದ ಸ್ತ್ರೀಯರೆಲ್ಲರೂ ತೇರ್ಗಡೆಯಾದರು. ಸಂಖ್ಯೆಯು ಅಲ್ಪವಾದುದರಿಂದ ಇದರ ಮೇಲೆ ದೊಡ್ಡ ಸಿದ್ಧಾಂತವನ್ನು ಕಟ್ಟುವುದು ಸಲ್ಲ. ಆದರೆ ಕಚೇರಿಯಲ್ಲಿ ಯಾವ ಇಂಜಿನಿಯರನೂ ತಲೆಯ ಮೇಲೆ ಇನ್ನೊಬ್ಬನನ್ನು ನಿಲ್ಲಿಸಿಕೊಂಡು ಕೆಲಸ ಮಾಡುವುದಿಲ್ಲವೆಂಬುದಕ್ಕೆ ಪ್ರಯೋಗವೇನೂ ಬೇಕಿಲ್ಲ. ಸಭಾಕಂಪವನ್ನು ಅಳೆದು ಅದಕ್ಕೆ ಬುದ್ಧಿಯ ಕೊರತೆಯೆಂದು ಹೆಸರಿಡುವುದು ಶಾಸ್ತ್ರೀಯವೂ ಅಲ್ಲ, ಮಾಲೀಕರಿಗೆ ಲಾಭದಾಯಕವೂ ಅಲ್ಲ.

ಈ ಕಂಪಕ್ಕೆ ನಮ್ಮ ನಾಡಿನಲ್ಲಿ ಮತ್ತೊಂದು ಭಾರವೂ ಸೇರಿದೆ, ಅದು ಇಂಗ್ಲಿಷ್. ಹಾಸನ ಜಿಲ್ಲೆಯ ತರುಣನೊಬ್ಬನು ಬರೆಯುತ್ತಾನೆ: ಹತ್ತನೆಯ ತರಗತಿಯವರೆಗೆ ಅವನು ಕನ್ನಡದಲ್ಲಿ ಓದಿದವನು, ಪ್ರೋಗ್ರಾಮಿನ ಭಾಷೆ ಅವನಿಗೆ ಸಲೀಸು, ಸಮಸ್ಯೆಯ ಉತ್ತರವು ಹತ್ತು ನಿಮಿಷದಲ್ಲಿ ಹೊಳೆಯಿತು. ಆದರೆ ಹೊಳೆದುದನ್ನು ಹೊಳೆಯುತ್ತಿರುವಾಗಲೇ ಇಂಗ್ಲಿಷಿನಲ್ಲಿ ಹೇಳುತ್ತ ಹೋಗಬೇಕೆಂದಾಗ ನಾಲಿಗೆ ತೊಡರಿತು; ನಾಲಿಗೆ ತೊಡರಿದೊಡನೆ ಯೋಚನೆಯೂ ತೊಡರಿತು. ಎದುರಿಗಿದ್ದ ಸಂದರ್ಶಕನು ಹೆಸರಿನಿಂದಲೂ ಉಚ್ಚಾರಣೆಯಿಂದಲೂ ಕನ್ನಡಿಗನೇ. ಇಬ್ಬರು ಕನ್ನಡಿಗರು ಬೆಂಗಳೂರಿನಲ್ಲಿ ಕುಳಿತು, ಇಬ್ಬರಿಗೂ ತಾಯಿನುಡಿಯಲ್ಲದ ಮಾತಿನಲ್ಲಿ, ಒಬ್ಬರ ಯೋಗ್ಯತೆಯನ್ನು ಇನ್ನೊಬ್ಬರು ಅಳೆದರು. ಈ ಪ್ರಸಂಗವನ್ನು ಓದಿ ನಮಗೆ ಕೋಪಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು; ಅನಂತರದ ಸಂದರ್ಶನದಲ್ಲಿಯೂ ಕನ್ನಡದಲ್ಲಿ ಉತ್ತರಿಸಬಹುದು. ಒಂದು ಜಿಲ್ಲೆಯನ್ನು ಆಳಲು ಯೋಗ್ಯನೇ ಎಂದು ಕನ್ನಡದಲ್ಲಿ ಪರೀಕ್ಷಿಸಲು ಸಾಧ್ಯವಿರುವಾಗ, ಬ್ಯಾಂಕಿನ ಲೆಕ್ಕದ ಪ್ರೋಗ್ರಾಮನ್ನು ಬರೆಯಲು ಯೋಗ್ಯನೇ ಎಂದು ಪರೀಕ್ಷಿಸಲು ಸಾಧ್ಯವಿಲ್ಲವೆ? ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲಿ ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅನುಮತಿಯಿತ್ತಿತು. ಹಾಗೆ ಕಲಿತವನನ್ನು ಸಂದರ್ಶಿಸುವವರು ಯಾರೆಂಬುದನ್ನು ಮಾತ್ರ ಯಾರೂ ಯೋಚಿಸಿದಂತೆ ಕಾಣುವುದಿಲ್ಲ. ವಿದೇಶದ ಗಿರಾಕಿಗಳೊಡನೆ ವ್ಯವಹರಿಸಲು ಇಂಗ್ಲಿಷ್ ಬೇಕೆಂಬುದು ನಿಜ. ಬೇಕಾದರೆ ಅದನ್ನು ಪ್ರತ್ಯೇಕವಾಗಿ ಪರೀಕ್ಷಿಸಲಿ. ಬುದ್ಧಿಯ ಪರೀಕ್ಷೆಯ ಹೆಸರಿನಲ್ಲಿ ಭಾಷೆಯ ಪರೀಕ್ಷೆ ನಡೆಸುವುದು ಬೇಡ.

ಮನೆಯಲ್ಲಿ ಕುಳಿತು ಬರೆಯುವ ಪರೀಕ್ಷೆಯ ಕಥೆಯು ಇನ್ನೊಂದು ಬಗೆ. ಒಂದೇ ಕೋಣೆಯ ಮನೆಯಲ್ಲಿ ಪರೀಕ್ಷೆ ಬರೆಯುತ್ತಿದ್ದ ತರುಣಿಯ ಹಿಂದೆ ಅವಳ ತಾಯಿ ಹಾದುಹೋದರು. ಎರಡನೆಯ ಮುಖವನ್ನು ಕಂಡ ಯಂತ್ರವು ವಂಚನೆಯ ಗುರುತು ಹಾಕಿತು. ಇನ್ನೊಬ್ಬನ ಊರಿನಲ್ಲಿ ನಡುವೆ ವಿದ್ಯುತ್ ನಿಂತಿತು. ಹತ್ತು ನಿಮಿಷದ ಮೇಲೆ ಬಂದಾಗ ಪರೀಕ್ಷೆ ಮುಚ್ಚಿಹೋಗಿತ್ತು. ಇಬ್ಬರೂ ದೂರಿಕೊಳ್ಳಲು ವಿಳಾಸವನ್ನು ಹುಡುಕಿದರು, ಸಿಗಲಿಲ್ಲ. ವಂಚನೆ ನಡೆಯುವುದಿಲ್ಲವೆಂದು ನಾವು ಹೇಳುತ್ತಿಲ್ಲ. ತನ್ನ ಬದಲು ಬೇರೊಬ್ಬನನ್ನು ಸಂದರ್ಶನಕ್ಕೆ ಕೂರಿಸಿದವರುಂಟು. ಕೃತಕ ಬುದ್ಧಿಯ ಯಂತ್ರವು ಪಿಸುಗುಟ್ಟಿದ ಉತ್ತರವನ್ನು ತನ್ನದೆಂದು ಓದಿಹೇಳುವವರೂ ಈಚೆಗೆ ಹೆಚ್ಚಿದ್ದಾರೆ. ಈ ಕಾರಣದಿಂದ ಕೆಲವು ಕಂಪೆನಿಗಳು ಒಂದು ಸುತ್ತಿಗಾದರೂ ಖುದ್ದು ಬರಬೇಕೆಂದು ಹೇಳತೊಡಗಿವೆ. ಬರಲಿ. ಆದರೆ ರಾಯಚೂರಿನಿಂದ ಬೆಂಗಳೂರಿಗೆ ಬಂದು ಹೋಗುವ ಖರ್ಚು ಯಾರದು? ಲೋಕಸೇವಾ ಆಯೋಗದವರು ಸಂದರ್ಶನಕ್ಕೆ ಬಂದವರಿಗೆ ರೈಲು ವೆಚ್ಚವನ್ನು ಕೊಡುತ್ತಾರೆ. ಕೋಟ್ಯಂತರ ಲಾಭ ತೆಗೆಯುವವರು ಅಷ್ಟನ್ನೂ ಕೊಡಲಾರರೆ? ಇನ್ನು ಯಂತ್ರದ ತೀರ್ಪಿನ ವಿಷಯ. ನ್ಯೂಯಾರ್ಕ್ ನಗರವು, ನೌಕರಿಗೆ ಆರಿಸಲು ಯಂತ್ರವನ್ನು ಬಳಸುವವರು ಅದರಲ್ಲಿ ಪಕ್ಷಪಾತವಿದೆಯೇ ಎಂದು ವರ್ಷಕ್ಕೊಮ್ಮೆ ಹೊರಗಿನವರಿಂದ ತನಿಖೆ ಮಾಡಿಸಬೇಕೆಂದೂ, ಉಮೇದುವಾರರಿಗೆ ಮೊದಲೇ ತಿಳಿಸಬೇಕೆಂದೂ ಶಾಸನ ಮಾಡಿ, 2023ರ ಜುಲೈಯಿಂದ ಜಾರಿಗೆ ತಂದಿದೆ. ಆ ಯಂತ್ರಗಳಲ್ಲಿ ಎಷ್ಟನ್ನೋ ತಯಾರಿಸುವ ಕೈಗಳು ಬೆಂಗಳೂರಿನವು. ತಯಾರಿಸುವವರ ಮಕ್ಕಳಿಗೆ ಮಾತ್ರ ಆ ರಕ್ಷಣೆಯಿಲ್ಲ.

ಪತ್ರಗಳಲ್ಲೆಲ್ಲ ಪುನಃ ಪುನಃ ಬರುವ ದೂರು ಸೋಲಿನದಲ್ಲ, ಮೌನದ್ದು. 'ತಿಳಿಸುತ್ತೇವೆ' ಎಂದು ಹೇಳಿ ಕಳುಹಿಸಿದ ಮೇಲೆ ಉತ್ತರವೇ ಬರುವುದಿಲ್ಲ. ನಾಲ್ಕು ಸುತ್ತು ಮುಗಿಸಿದವನು ಮೂರು ವಾರ ದಿನಕ್ಕೆ ಹತ್ತು ಸಲ ಅಂಚೆಪೆಟ್ಟಿಗೆಯನ್ನು ತೆರೆದು ನೋಡುತ್ತಾನೆ. ಮನೆಯವರು ಏನಾಯಿತೆಂದು ಕೇಳುವುದನ್ನೇ ಬಿಟ್ಟುಬಿಡುತ್ತಾರೆ. ಉತ್ತರ ಬಂದರೂ, ಬೇರೆಯವರೊಡನೆ ಮುಂದುವರಿಯಲು ನಿರ್ಧರಿಸಿದ್ದೇವೆಂಬ ಒಂದು ಸಾಲು. ಎಲ್ಲಿ ತಪ್ಪಿದೆನೆಂದು ಕೇಳಿದರೆ, ಹೇಳುವ ಪದ್ಧತಿಯಿಲ್ಲ. 2024ರ ಆಗಸ್ಟಿನಲ್ಲಿ ಕರ್ನಾಟಕ ಲೋಕಸೇವಾ ಆಯೋಗವು ನಡೆಸಿದ ಗೆಜೆಟೆಡ್ ಪ್ರೊಬೇಷನರುಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಪ್ರಶ್ನೆಗಳು ಅರ್ಥವಾಗದಷ್ಟು ಕೆಟ್ಟಿದ್ದಾಗ ಉಮೇದುವಾರರು ಬೀದಿಗಿಳಿದರು, ಪತ್ರಿಕೆಗಳು ಬರೆದುವು, ಮುಖ್ಯಮಂತ್ರಿಗಳು ಮರುಪರೀಕ್ಷೆಗೆ ಆಜ್ಞೆ ಮಾಡಿದರು. ಡಿಸೆಂಬರಿನಲ್ಲಿ ಪುನಃ ಪರೀಕ್ಷೆ ನಡೆಯಿತು. ಆ ಮರುಪರೀಕ್ಷೆಯಲ್ಲಿಯೂ ತಪ್ಪುಗಳು ನುಸುಳಿದುವೆಂಬುದು ಆಯೋಗಕ್ಕೆ ಶೋಭೆ ತರುವ ಮಾತಲ್ಲ. ಹಾಗಿದ್ದರೂ ಅಲ್ಲಿ ಪ್ರಶ್ನೆಪತ್ರಿಕೆಯೊಂದು ಕೈಯಲ್ಲಿತ್ತು, ದೂರಲು ಒಂದು ಬಾಗಿಲಿತ್ತು. ಕಂಪೆನಿಯ ಸಂದರ್ಶನದಲ್ಲಿ ಪ್ರಶ್ನೆಯೂ ಗುಟ್ಟು, ಅಂಕವೂ ಗುಟ್ಟು, ಕಾರಣವೂ ಗುಟ್ಟು. ಅಯೋಗ್ಯನೊಬ್ಬನನ್ನು ಸೇರಿಸಿಕೊಳ್ಳುವುದಕ್ಕಿಂತ ಯೋಗ್ಯನನ್ನು ಬಿಟ್ಟುಕೊಡುವುದೇ ಮೇಲೆಂದು ಈ ಉದ್ಯಮದ ಪಂಡಿತರು ಬಹಿರಂಗವಾಗಿಯೇ ಬೋಧಿಸಿದ್ದಾರೆ. ಕಂಪೆನಿಯ ಲೆಕ್ಕದಲ್ಲಿ ಅದು ಸರಿಯಿರಬಹುದು. ಬಿಟ್ಟುಕೊಡಲ್ಪಟ್ಟ ಆ ಯೋಗ್ಯನ ಸಾಲದ ಕಂತನ್ನು ಆ ಲೆಕ್ಕದಲ್ಲಿ ಎಲ್ಲಿ ಬರೆದಿದ್ದಾರೆ?

ಶನಿವಾರ ಭಾನುವಾರಗಳಲ್ಲಿ ಮನೆಯಲ್ಲಿ ಮಾಡಿ ತರಬೇಕೆಂದು ಇಡೀ ಕೆಲಸವೊಂದನ್ನೇ ವಹಿಸುವ ರೂಢಿಯೂ ಇದೆ. ಸಂಬಳವಿಲ್ಲ, ಸಂಭಾವನೆಯಿಲ್ಲ, ಎಷ್ಟೋ ವೇಳೆ ಅದನ್ನು ಓದಿದರೆಂಬುದಕ್ಕೆ ಗುರುತೂ ಇಲ್ಲ. ಚಿಕ್ಕ ಮಕ್ಕಳಿರುವ ತಾಯಿಯೊಬ್ಬರು, ಇಪ್ಪತ್ತು ಗಂಟೆಯ ಆ ಕೆಲಸವನ್ನು ಮೂರು ರಾತ್ರಿ ನಿದ್ದೆಗೆಟ್ಟು ಮುಗಿಸಿದೆನೆಂದೂ, ಒಪ್ಪಿಸಿದ ಮೇಲೆ ಆ ಹುದ್ದೆಯನ್ನೇ ರದ್ದುಮಾಡಿದೆವೆಂಬ ಉತ್ತರ ಬಂದಿತೆಂದೂ ಬರೆದಿದ್ದಾರೆ. ಸ್ವಂತ ಕಚೇರಿಯ ಮಾತನ್ನು ಇಲ್ಲಿ ಹೇಳುವುದು ಆತ್ಮಪ್ರಶಂಸೆಯಾಗದೆಂದು ನಂಬುತ್ತೇವೆ. ನಮ್ಮಲ್ಲಿ ಕರಡು ತಿದ್ದುವವರು ಬೇಕಾದಾಗ ವ್ಯಾಕರಣದ ಒಗಟುಗಳನ್ನು ಕೇಳುವುದಿಲ್ಲ. ನಾಳಿನ ಪುಟವನ್ನೇ ಕೈಗೆ ಕೊಟ್ಟು, ಒಂದು ದಿನ ಕೂರಿಸಿ, ಆ ದಿನದ ಕೂಲಿಯನ್ನು ಕೊಟ್ಟು ಕಳುಹಿಸುತ್ತೇವೆ. ಸಂಜೆಯ ಹೊತ್ತಿಗೆ ನಮಗೂ ತಿಳಿದಿರುತ್ತದೆ, ಅವರಿಗೂ ತಿಳಿದಿರುತ್ತದೆ. ಇದು ನಮ್ಮ ಸ್ವಂತ ಜಾಣತನವೇನೂ ಅಲ್ಲ. ಎಂಬತ್ತೈದು ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ ಷ್ಮಿಟ್ ಮತ್ತು ಹಂಟರ್ ಎಂಬ ಮನಶ್ಶಾಸ್ತ್ರಜ್ಞರು 1998ರಲ್ಲಿ ಬರೆದಾಗ, ಮುಂದಿನ ಸಾಮರ್ಥ್ಯವನ್ನು ಸೂಚಿಸುವುದರಲ್ಲಿ ಕೆಲಸದ ಮಾದರಿಯನ್ನೇ ಮಾಡಿಸಿ ನೋಡುವ ಪದ್ಧತಿಗೆ ಅಗ್ರಸ್ಥಾನವಿತ್ತರು. 2022ರಲ್ಲಿ ಸ್ಯಾಕೆಟ್ ಮುಂತಾದವರು ಆ ಲೆಕ್ಕಗಳನ್ನು ತಿದ್ದಿ, ಅಂಕಿಗಳನ್ನು ತಗ್ಗಿಸಿ, ಕ್ರಮಬದ್ಧವಾದ ಸಂದರ್ಶನವನ್ನು ಮೊದಲಿಗೆ ತಂದರು. ಅಂದರೆ ಎಲ್ಲರಿಗೂ ಅದೇ ಪ್ರಶ್ನೆಗಳನ್ನು ಕೇಳಿ, ಯಾವ ಉತ್ತರಕ್ಕೆ ಎಷ್ಟು ಅಂಕವೆಂದು ಮುಂಚೆಯೇ ಗೊತ್ತುಮಾಡಿಕೊಂಡಿರುವ ಸಂದರ್ಶನ. ಬಾಯಿಗೆ ಬಂದದ್ದನ್ನು ಕೇಳಿ, ಮನಸ್ಸಿಗೆ ಬಂದಂತೆ ತೀರ್ಮಾನಿಸುವ ಪದ್ಧತಿಗೆ ಇವರಾರೂ ಮೇಲಿನ ಸ್ಥಾನ ಕೊಟ್ಟಿಲ್ಲ. ಸಂದರ್ಶಕರನ್ನೂ ಬೈದು ಫಲವಿಲ್ಲವೆನ್ನಿ. ಸ್ವತಃ ಸಂದರ್ಶಕರಾದ ಒಬ್ಬರು ಹೇಳುವಂತೆ, ಅವರಿಗೆ ಸಂದರ್ಶನ ನಡೆಸುವುದನ್ನು ಯಾರೂ ಕಲಿಸಿಲ್ಲ. ತಮ್ಮ ಕೆಲಸದ ಗಡುವಿನ ನಡುವೆ ಕರೆ ಬರುತ್ತದೆ. ಹಿಂದೆ ತಮ್ಮನ್ನು ಗೋಳುಹೊಯ್ದುಕೊಂಡ ಪ್ರಶ್ನೆಯನ್ನೇ ಎದುರಿನವರಿಗೆ ಒಗೆಯುತ್ತಾರೆ.

ಇದರಲ್ಲಿ ಸರ್ಕಾರದವರು ಏನು ಮಾಡಬಲ್ಲರು? ಸ್ಥಳೀಯರಿಗೆ ಆಡಳಿತದ ಹುದ್ದೆಗಳಲ್ಲಿ ಶೇಕಡಾ 50ನ್ನೂ ಇತರ ಹುದ್ದೆಗಳಲ್ಲಿ ಶೇಕಡಾ 70ನ್ನೂ ಮೀಸಲಿಡುವ ಮಸೂದೆಗೆ 2024ರ ಜುಲೈಯಲ್ಲಿ ಮಂತ್ರಿಮಂಡಲವು ಒಪ್ಪಿಗೆ ಕೊಟ್ಟು, ಉದ್ಯಮಪತಿಗಳು ಗದ್ದಲವೆಬ್ಬಿಸಿದೊಡನೆ ಎರಡೇ ದಿನಗಳಲ್ಲಿ ತಡೆಹಿಡಿದುದನ್ನು ವಾಚಕರು ಮರೆತಿಲ್ಲ. 1983ರಲ್ಲಿ ನೇಮಕವಾಗಿ 1986ರಲ್ಲಿ ವರದಿಯಿತ್ತ ಸರೋಜಿನಿ ಮಹಿಷಿ ಸಮಿತಿಯ ಶಿಫಾರಸುಗಳ ಕಥೆಯನ್ನು ಪುನಃ ಹೇಳುವ ಅಗತ್ಯವೂ ಇಲ್ಲ. ಮೀಸಲಾತಿಯ ಶೇಕಡಾವಾರು ಲೆಕ್ಕದ ಬಗ್ಗೆ ಭಿನ್ನಾಭಿಪ್ರಾಯವಿರಬಹುದು. ಬಾಗಿಲಲ್ಲಿ ನಡೆಯುವ ತೂಕದ ತಕ್ಕಡಿ ನೆಟ್ಟಗಿರಬೇಕೆಂಬುದರಲ್ಲಿ ಯಾರಿಗೆ ಭಿನ್ನಾಭಿಪ್ರಾಯ? ಇದೇ ಕಂಪೆನಿಗಳಿಗೆ ಸ್ಥಾಯೀ ಆದೇಶಗಳ ಶಾಸನದಿಂದ ವಿನಾಯಿತಿಯನ್ನು 2024ರಲ್ಲಿ ಮತ್ತೆ ಐದು ವರ್ಷಗಳ ಅವಧಿಗೆ ಮುಂದುವರಿಸಿದಾಗ, ನೌಕರರ ದೂರುಗಳನ್ನು ಕೇಳಲು ಸಮಿತಿಯಿರಬೇಕೆಂಬುದು ಮೊದಲಾದ ಷರತ್ತುಗಳನ್ನು ರಾಜ್ಯ ಸರ್ಕಾರವು ವಿಧಿಸಿತ್ತು. ಒಳಗಿರುವವರ ಪರವಾಗಿ ಷರತ್ತು ಹಾಕಲು ಬಂದ ಸರ್ಕಾರಕ್ಕೆ ಬಾಗಿಲಲ್ಲಿ ನಿಂತವರ ಪರವಾಗಿ ಹಾಕಲು ಬಾರದೆ? ಭೂಮಿ, ನೀರು, ತೆರಿಗೆಯ ರಿಯಾಯಿತಿ, ಇವುಗಳನ್ನು ಬೇಡಲು ಬಂದವರ ಮುಂದೆ ಕಾರ್ಮಿಕ ಇಲಾಖೆಯವರೂ ಮಾಹಿತಿ ತಂತ್ರಜ್ಞಾನ ಇಲಾಖೆಯವರೂ ಒಂದು ಹಾಳೆಯನ್ನು ಇಡಲಿ. ಸಂದರ್ಶನದಲ್ಲಿ ಎಷ್ಟು ಸುತ್ತುಗಳಿವೆ, ಏನನ್ನು ಪರೀಕ್ಷಿಸುತ್ತಾರೆ ಎಂಬುದನ್ನು ಉಮೇದುವಾರನಿಗೆ ಮುಂಚೆಯೇ ಬರೆದು ತಿಳಿಸುವುದು, ಕೊನೆಯ ಸುತ್ತಿನಿಂದ ಹದಿನೈದು ದಿನಗಳೊಳಗಾಗಿ ಕಾರಣಸಹಿತ ಉತ್ತರ ಕೊಡುವುದು, ನಾಲ್ಕು ಗಂಟೆಗೆ ಮೀರಿದ ಮನೆಗೆಲಸಕ್ಕೆ ಸಂಭಾವನೆ ಸಲ್ಲಿಸುವುದು, ಯಂತ್ರವು ತಿರಸ್ಕರಿಸಿದ್ದನ್ನು ಮನುಷ್ಯನೊಬ್ಬನು ನೋಡುವುದು, ಸಂದರ್ಶಕನಿಗೂ ಉಮೇದುವಾರನಿಗೂ ಕನ್ನಡ ಬರುವಾಗ ಕನ್ನಡದಲ್ಲಿ ವಿವರಿಸಲು ಅವಕಾಶವೀಯುವುದು. ಇವುಗಳಿಗೆ ಕಂಪೆನಿಯ ಬೊಕ್ಕಸದಿಂದ ಹೋಗುವ ಹಣವು ಅವರ ವಾರ್ಷಿಕೋತ್ಸವದ ಊಟದ ಖರ್ಚಿಗಿಂತ ಹೆಚ್ಚಾಗಲಾರದು.

ಕೆಲವು ಕಂಪೆನಿಗಳು ಈಗಾಗಲೇ ಉಮೇದುವಾರನನ್ನು ತಮ್ಮ ಇಂಜಿನಿಯರನ ಜೊತೆ ಕೂರಿಸಿ, ನಿಜವಾದ ಪ್ರೋಗ್ರಾಮಿನ ದೋಷವನ್ನೇ ಹುಡುಕಲು ಕೊಟ್ಟು, ಬೇಕಾದುದನ್ನು ಪುಸ್ತಕದಲ್ಲಿ ನೋಡಲೂ ಕೇಳಲೂ ಬಿಟ್ಟು ಪರೀಕ್ಷಿಸುತ್ತಿರುವುದಾಗಿ ಪತ್ರಗಳಿಂದ ತಿಳಿದುಬರುತ್ತದೆ. ಅಂಥ ಕಂಪೆನಿಯ ವ್ಯವಸ್ಥಾಪಕರು ತಮ್ಮ ಅನುಭವವನ್ನು ಬರೆದು ಕಳುಹಿಸಿದರೆ ಅದನ್ನೂ, ನಮ್ಮ ಮಾತನ್ನು ಖಂಡಿಸುವವರು ಸಕಾರಣವಾಗಿ ಬರೆದರೆ ಅದನ್ನೂ, ಇದೇ ಪುಟದಲ್ಲಿ ಪ್ರಕಟಿಸುತ್ತೇವೆ. ಉಮೇದುವಾರರ ಪತ್ರಗಳಲ್ಲಿ ಹೆಸರು ಊರುಗಳನ್ನು ತೆಗೆದು, ಉಳಿದ ಭಾಗಗಳನ್ನು ಕಾರ್ಮಿಕ ಇಲಾಖೆಯ ಕಮಿಷನರವರಿಗೆ ಈ ವಾರದಲ್ಲಿಯೇ ಒಪ್ಪಿಸಲಿದ್ದೇವೆ.